ಟ್ರೋಗ್ಲೊರಾಪ್ಟರ್ ಮಾರ್ಚಿಂಗ್ಟೋನಿ

ಟ್ರೋಗ್ಲೊರಾಪ್ಟರ್ ಮಾರ್ಚಿಂಗ್ಟೋನಿ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಆರೆಗಾನ್ ರಾಜ್ಯದ ಗುಹೆಗಳಲ್ಲಿ ಕಂಡುಬರುವ ಒಂದು ಜೇಡ ಪ್ರಭೇದ. ಇದರ ವೈಜ್ಞಾನಿಕ ವಿವರಣೆ ಮೊದಲ ಬಾರಿಗೆ 2012ರಲ್ಲಿ ಪ್ರಕಟವಾಯಿತು. ಅದುವರೆಗೆ ತಿಳಿದಿದ್ದ ಯಾವ ಜೇಡ ಕುಟುಂಬಕ್ಕೂ ಇದು ಸೇರದ ಕಾರಣ, ಇದಕ್ಕಾಗಿಯೇ ಟ್ರೋಗ್ಲೊರಾಪ್ಟರ್ ಎಂಬ ಹೊಸ ಕುಲವನ್ನೂ ಟ್ರೋಗ್ಲೊರಾಪ್ಟರಿಡೆ ಎಂಬ ಹೊಸ ಕುಟುಂಬವನ್ನೂ ಸ್ಥಾಪಿಸಲಾಯಿತು. ಕಾಲುಗಳ ತುದಿಯಲ್ಲಿರುವ, ಕುಡುಗೋಲಿನಂತೆ ಬಾಗಿದ ಉಗುರುಗಳು ಇದರ ಪ್ರಮುಖ ಲಕ್ಷಣವಾಗಿವೆ.

ಆವಿಷ್ಕಾರ

2010ರಲ್ಲಿ ವೆಸ್ಟರ್ನ್ ಕೇವ್ ಕನ್ಸರ್ವೆನ್ಸಿ ಎಂಬ ಗುಹಾ ಸಂರಕ್ಷಣಾ ಸಂಸ್ಥೆಗೆ ಸೇರಿದ ಅನ್ವೇಷಕರು ನೈಋತ್ಯ ಆರೆಗಾನ್‌ನ ಗ್ರಾಂಟ್ಸ್ ಪಾಸ್ ಪಟ್ಟಣದ ಬಳಿಯ ಗುಹೆಗಳಲ್ಲಿ ಈ ಜೇಡಗಳನ್ನು ಸಂಗ್ರಹಿಸಿದರು. ಮಾದರಿಗಳನ್ನು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಜ್ಞಾನ ಅಕಾಡೆಮಿಗೆ ಕಳುಹಿಸಲಾಯಿತು. ಅಲ್ಲಿ ಚಾರ್ಲ್ಸ್ ಗ್ರಿಸ್ವೋಲ್ಡ್, ಟ್ರೇಸಿ ಆಡಿಸಿಯೊ ಮತ್ತು ಜೋಯಲ್ ಲೆಡ್‌ಫರ್ಡ್ ಅವುಗಳನ್ನು ಅಧ್ಯಯನ ಮಾಡಿ, 2012ರ ಆಗಸ್ಟ್ ತಿಂಗಳಲ್ಲಿ ಝೂಕೀಸ್ ಎಂಬ ಪ್ರಾಣಿಶಾಸ್ತ್ರ ನಿಯತಕಾಲಿಕದಲ್ಲಿ ವಿವರಣೆಯನ್ನು ಪ್ರಕಟಿಸಿದರು.

ಹೆಸರಿನ ಮೂಲ

ಕುಲದ ಹೆಸರಿನಲ್ಲಿರುವ ‘ಟ್ರೋಗ್ಲೊ’ ಎಂಬುದು ಗುಹೆ ಅಥವಾ ಬಿಲ ಎಂಬ ಅರ್ಥದ ಗ್ರೀಕ್ ಪದದಿಂದಲೂ, ‘ರಾಪ್ಟರ್’ ಎಂಬುದು ಕಸಿದುಕೊಳ್ಳುವವನು ಎಂಬ ಅರ್ಥದ ಲ್ಯಾಟಿನ್ ಪದದಿಂದಲೂ ಬಂದಿವೆ. ಒಟ್ಟಾಗಿ ಇದಕ್ಕೆ ‘ಗುಹೆಯ ದರೋಡೆಕೋರ’ ಎಂಬ ಅರ್ಥ ಬರುತ್ತದೆ. ಪ್ರಭೇದದ ಹೆಸರನ್ನು ಸಂಗ್ರಹಕಾರ್ಯದಲ್ಲಿ ನೆರವಾದ ಗುಹಾ ಅನ್ವೇಷಕ ನೀಲ್ ಮಾರ್ಚಿಂಗ್ಟನ್ ಅವರ ಗೌರವಾರ್ಥ ಇಡಲಾಗಿದೆ.

ದೇಹ ಲಕ್ಷಣಗಳು

ಈ ಜೇಡದ ದೇಹದ ಉದ್ದ ಸುಮಾರು 1 ಸೆಂಟಿಮೀಟರ್ ಮಾತ್ರ. ಆದರೆ ಕಾಲುಗಳನ್ನು ಚಾಚಿದಾಗ ಒಂದು ತುದಿಯಿಂದ ಇನ್ನೊಂದು ತುದಿಗೆ 7.5 ಸೆಂಟಿಮೀಟರ್‌ವರೆಗೆ ಅಗಲವಾಗುತ್ತದೆ. ಬಣ್ಣ ಹಳದಿ ಮಿಶ್ರಿತ ಕಂದು. ತಲೆ ಮತ್ತು ಎದೆ ಕೂಡಿದ ಶಿರೋವಕ್ಷದ ಮೇಲೆ ಕಪ್ಪು ಛಾಯೆಯ ಗುರುತಿದೆ. ಹೆಚ್ಚಿನ ಜೇಡಗಳಿಗೆ ಎಂಟು ಕಣ್ಣುಗಳಿದ್ದರೆ ಇದಕ್ಕೆ ಆರು ಕಣ್ಣುಗಳಿವೆ.

ಗುಹಾವಾಸಿ ಪ್ರಾಣಿಗಳಲ್ಲಿ ಕೆಲವು ಕಾಲಕ್ರಮೇಣ ಕಣ್ಣುಗಳನ್ನೇ ಕಳೆದುಕೊಂಡಿವೆ. ಹವಾಯಿಯ ಕವಾಯಿ ದ್ವೀಪದ ಗುಹಾ ತೋಳ ಜೇಡ ಇದಕ್ಕೆ ಪ್ರಸಿದ್ಧ ಉದಾಹರಣೆ. ಟ್ರೋಗ್ಲೊರಾಪ್ಟರ್‌ನಲ್ಲಿ ಕಣ್ಣುಗಳು ಉಳಿದುಕೊಂಡಿವೆ. ಆದ್ದರಿಂದ ಗುಹೆಯಲ್ಲಿ ದೊರೆತ ಮಾತ್ರಕ್ಕೆ ಒಂದು ಜೀವಿಯನ್ನು ಗುಹೆಯ ಬದುಕಿಗೆ ಸಂಪೂರ್ಣವಾಗಿ ಒಗ್ಗಿದ್ದೆಂದು ಭಾವಿಸುವಂತಿಲ್ಲ.

ವರ್ಗೀಕರಣ

ಜಗತ್ತಿನಲ್ಲಿ 50,000ಕ್ಕೂ ಹೆಚ್ಚು ಜೇಡ ಪ್ರಭೇದಗಳು ದಾಖಲಾಗಿವೆ. ಪ್ರತಿ ವರ್ಷವೂ ನೂರಾರು ಹೊಸ ಪ್ರಭೇದಗಳು ಸೇರುತ್ತಿವೆ. ಇವುಗಳಲ್ಲಿ ಬಹುತೇಕ ಎಲ್ಲವೂ ಈಗಾಗಲೇ ಗುರುತಿಸಲಾದ ಕುಟುಂಬಗಳಿಗೆ ಸೇರುತ್ತವೆ. ಹೊಸ ಕುಟುಂಬಗಳು ಸಾಮಾನ್ಯವಾಗಿ ಹಳೆಯ ಕುಟುಂಬಗಳನ್ನು ಮರುಪರಿಶೀಲಿಸಿ ಒಡೆಯುವುದರಿಂದ ಉಂಟಾಗುತ್ತವೆ. ಹೊಸದಾಗಿ ದೊರೆತ ಒಂದು ಜೇಡಕ್ಕಾಗಿಯೇ ಹೊಸ ಕುಟುಂಬವನ್ನು ರಚಿಸುವ ಸಂದರ್ಭ ಅತ್ಯಂತ ವಿರಳ.

ಆರು ಕಣ್ಣುಗಳು ಮತ್ತು ಸರಳ ರಚನೆಯ ಜನನಾಂಗಗಳ ಆಧಾರದ ಮೇಲೆ ಸಂಶೋಧಕರು ಇದನ್ನು ಡಿಸ್ಡೆರಾಯ್ಡಿಯ ಎಂಬ ಗುಂಪಿಗೆ ಹತ್ತಿರದ್ದೆಂದು ಪರಿಗಣಿಸಿದರು. ಆದರೆ ಆ ಗುಂಪಿನ ಇತರ ಜೇಡಗಳಲ್ಲಿ ಇಂತಹ ಬಾಗಿದ ಉಗುರುಗಳಿಲ್ಲ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳ ಗ್ರಾಡುಂಗುಲಿಡೆ ಕುಟುಂಬದ ಜೇಡಗಳಲ್ಲಿ ಇವನ್ನು ಹೋಲುವ ಉಗುರುಗಳಿದ್ದರೂ ಆ ಕುಟುಂಬ ಜೇಡಗಳ ವಂಶವೃಕ್ಷದ ಬೇರೊಂದು ಕವಲಿಗೆ ಸೇರಿದೆ. ದೂರದ ಸಂಬಂಧವಿರುವ ಎರಡು ಗುಂಪುಗಳಲ್ಲಿ ಒಂದೇ ಬಗೆಯ ಅಂಗ ಪ್ರತ್ಯೇಕವಾಗಿ ರೂಪುಗೊಳ್ಳುವ ಇಂತಹ ಪ್ರಕ್ರಿಯೆಯನ್ನು ಸಮಾಭಿಮುಖ ವಿಕಾಸ ಎಂದು ಕರೆಯುತ್ತಾರೆ.

ಆವಾಸ ಮತ್ತು ಆಹಾರ

ಈ ಜೇಡಗಳು ಗುಹೆಯ ಕತ್ತಲೆಯ ಭಾಗದಲ್ಲಿ, ಚಾವಣಿಯಿಂದ ಕಟ್ಟಿದ ಕೆಲವೇ ಎಳೆಗಳ ಸರಳ ಬಲೆಗೆ ಜೋತುಬಿದ್ದಿರುತ್ತವೆ. ಇವು ಬಹಳ ಅಂಜುಬುರುಕ ಸ್ವಭಾವದವು. ಬೆಳಕು ಬಿದ್ದರೆ ಓಡಿಹೋಗುತ್ತವೆ.

ನ್ಯೂಜಿಲೆಂಡ್‌ನ ನೆಲ್ಸನ್ ಗುಹಾ ಜೇಡವು ತನ್ನ ಬಾಗಿದ ಉಗುರುಗಳಿಂದ ವೇಟಾ ಎಂಬ ಮಿಡತೆಯಂತಹ ಕೀಟಗಳನ್ನು ಹಿಡಿಯುತ್ತದೆ. ಟ್ರೋಗ್ಲೊರಾಪ್ಟರ್ ಕೂಡ ಜೋತುಬಿದ್ದಲ್ಲಿಂದಲೇ ಕೀಟಗಳನ್ನು ಉಗುರಿನಿಂದ ಹಿಡಿಯಬಹುದೆಂದು ಸಂಶೋಧಕರು ಊಹಿಸಿದ್ದಾರೆ. ಆದರೆ ಇದು ಉಗುರಿನ ಆಕಾರವನ್ನು ಆಧರಿಸಿದ ಅನುಮಾನವೇ ಹೊರತು ಕಣ್ಣಾರೆ ಕಂಡ ಸಂಗತಿಯಲ್ಲ. ಪ್ರಯೋಗಾಲಯಕ್ಕೆ ತಂದ ಜೇಡಗಳಿಗೆ ಪತಂಗ, ಜೀರುಂಡೆ ಮತ್ತು ಬೇರೆ ಜೇಡಗಳನ್ನು ಆಹಾರವಾಗಿ ನೀಡಲಾಯಿತು. ಅವು ಯಾವುದನ್ನೂ ಮುಟ್ಟದೆ ಸತ್ತವು. ಬೇಟೆಗಾರನ ಹೆಸರು ಪಡೆದ ಈ ಜೇಡದ ಬೇಟೆ ಯಾವುದೆಂಬುದು ವಿವರಣೆ ಪ್ರಕಟವಾದಾಗ ತಿಳಿದಿರಲಿಲ್ಲ.

ರೆಡ್‌ವುಡ್ ಕಾಡಿನ ಮಾದರಿಗಳು

ಕ್ಯಾಲಿಫೋರ್ನಿಯಾದ ವಾಯವ್ಯ ಭಾಗದ ಹಳೆಯ ರೆಡ್‌ವುಡ್ ಕಾಡುಗಳಲ್ಲಿಯೂ ಇದೇ ಕುಲಕ್ಕೆ ಸೇರಿದ ಎಳೆಯ ಜೇಡಗಳು ದೊರೆತಿವೆ. ಅವು ಬೇರೊಂದು ಪ್ರಭೇದವಾಗಿರುವ ಸಾಧ್ಯತೆಯಿದೆ. ಜೇಡ ಪ್ರಭೇದಗಳನ್ನು ಮುಖ್ಯವಾಗಿ ಪೂರ್ಣ ಬೆಳೆದ ಗಂಡು ಮತ್ತು ಹೆಣ್ಣುಗಳ ಜನನಾಂಗಗಳ ರಚನೆಯಿಂದ ಗುರುತಿಸಲಾಗುತ್ತದೆ. ಎಳೆಯ ಜೇಡಗಳಲ್ಲಿ ಆ ಅಂಗಗಳು ಬೆಳೆದಿರುವುದಿಲ್ಲವಾದ್ದರಿಂದ 2012ರ ಲೇಖನದಲ್ಲಿ ಅವುಗಳಿಗೆ ಹೆಸರು ನೀಡಲಿಲ್ಲ.

ಮಹತ್ವ

ಜನವಸತಿಗೆ ಸಮೀಪದಲ್ಲಿಯೇ, ಅಂಗೈಯನ್ನು ಬಹುಮಟ್ಟಿಗೆ ಆವರಿಸಬಲ್ಲಷ್ಟು ದೊಡ್ಡ ಜೇಡವೊಂದು 21ನೆಯ ಶತಮಾನದವರೆಗೆ ವಿಜ್ಞಾನದ ಗಮನಕ್ಕೆ ಬಾರದೆ ಉಳಿದಿತ್ತು. ಗುಹೆಗಳ ಹಾಗೂ ಹಳೆಯ ಕಾಡುಗಳ ಜೀವಿಗಳ ಸಮೀಕ್ಷೆ ಇನ್ನೂ ಅಪೂರ್ಣವೆಂಬುದನ್ನು ಇದು ತೋರಿಸುತ್ತದೆ. ಕುಟುಂಬದಲ್ಲಿ ಹೆಸರು ಪಡೆದ ಪ್ರಭೇದ ಇದೊಂದೇ ಆಗಿರುವುದರಿಂದ ಇದರ ನಾಶವೆಂದರೆ ವಿಕಾಸದ ಒಂದು ಪ್ರತ್ಯೇಕ ಕವಲಿನ ಬಹುಪಾಲು ಅಳಿದಂತೆ. ಗುಹೆಯ ತೇವಾಂಶ, ತಾಪಮಾನ ಮತ್ತು ಕೀಟಸಂಪತ್ತು ಹೊರಗಿನ ಕಾಡನ್ನೂ ಅವಲಂಬಿಸಿರುತ್ತವೆ. ಹಾಗಾಗಿ ಇಂತಹ ಜೀವಿಗಳ ಉಳಿವಿಗೆ ಗುಹೆಯ ಜೊತೆಗೆ ಅದರ ಸುತ್ತಲಿನ ಕಾಡಿನ ರಕ್ಷಣೆಯೂ ಅಗತ್ಯವಾಗುತ್ತದೆ.