ಕಡಲತೀರ ಸರ್ಕಾರದ ಸ್ವತ್ತೇ?

ಪ್ರಶ್ನೆ: ಕಡಲತೀರದ ಸರ್ಕಾರಿ ಜಾಗವನ್ನು ರೆಸಾರ್ಟಿಗೋ ಕಂಪನಿಗೋ ಗುತ್ತಿಗೆ ಕೊಟ್ಟರೆ ಜನ ಯಾಕೆ ಅಷ್ಟು ಸಿಟ್ಟಾಗುತ್ತಾರೆ? ಜಾಗ ಸರ್ಕಾರದ್ದೇ ತಾನೆ?
– ಓದುಗರು, ಕೈಲಾಂಚ

ಉತ್ತರ: ದಾಖಲೆಯಲ್ಲಿ ಸರ್ಕಾರದ್ದೇ. ಆದರೆ ಕಡಲತೀರ, ಹೊಳೆ, ಕಾಡುಗಳನ್ನು ಅದು ಜನರ ಪರವಾಗಿ ಕಾಯುವ ಟ್ರಸ್ಟಿ ಮಾತ್ರ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೀಗೆಂದು ಖಚಿತವಾಗಿ ಹೇಳಿತು. ಹಿಮಾಚಲ ಪ್ರದೇಶದಲ್ಲಿ ಬಿಯಾಸ್ ನದಿ ದಡದ ಅರಣ್ಯಭೂಮಿಯನ್ನು ಸ್ಪ್ಯಾನ್ ಮೋಟೆಲ್ಸ್ ಕಂಪನಿಗೆ ಗುತ್ತಿಗೆ ಕೊಟ್ಟಿದ್ದರು. ಮೋಟೆಲನ್ನು ಪ್ರವಾಹದಿಂದ ಉಳಿಸಿಕೊಳ್ಳಲು ಕಂಪನಿ ನದಿಯ ಹರಿವನ್ನೇ ತಿರುಗಿಸಹೊರಟಿತ್ತು. ಕೋರ್ಟ್ ಗುತ್ತಿಗೆ ರದ್ದುಮಾಡಿ, ಜಾಗವನ್ನು ಮೊದಲಿನಂತೆ ಮಾಡುವ ಖರ್ಚನ್ನೂ ಕಂಪನಿಯ ತಲೆಗೇ ಕಟ್ಟಿತು.

ನಮ್ಮಲ್ಲಿ ಹೊನ್ನಾವರದ ಕಾಸರಕೋಡು ಟೊಂಕವನ್ನೇ ನೋಡಿ. ಅಲ್ಲಿನ ಮರಳ ದಂಡೆ ಖಾಸಗಿ ಬಂದರಿಗೆ ಗುತ್ತಿಗೆಯಾಗಿದೆ. ಆ ಮರಳಿನ ಮೇಲೆ ಮೀನುಗಾರ ಹೆಂಗಸರು ಮೀನು ಒಣಗಿಸಿ ಸಂಸಾರ ನಡೆಸುತ್ತಾರೆ, ಕಡಲಾಮೆಗಳು ಮೊಟ್ಟೆಯಿಡುತ್ತವೆ. ಪಹಣಿಯಲ್ಲಿ ಹೆಸರಿಲ್ಲದಿದ್ದರೂ ಬದುಕೆಲ್ಲ ಅಲ್ಲೇ ಕಳೆದವರ ಸಿಟ್ಟು ನ್ಯಾಯವಾದದ್ದೆಂದೇ ನನ್ನ ನಂಬಿಕೆ.

ನಿಮ್ಮೂರ ಸುತ್ತಲಿನ ಗೋಮಾಳ, ಕೆರೆಯಂಗಳದ ಗುತ್ತಿಗೆಯ ಬಗ್ಗೆಯೂ ಅನುಮಾನವಿದ್ದರೆ ತಾಲ್ಲೂಕು ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಕೊಡಿ. ಶುಲ್ಕ 10 ರೂಪಾಯಿ. ಆದೇಶದ ಪ್ರತಿ, ಅವಧಿ, ಬಾಡಿಗೆ ಮೂರನ್ನೂ ಕೇಳಿ. 30 ದಿನದೊಳಗೆ ಅವರು ಉತ್ತರ ಕೊಡಬೇಕು.