ಸೋರುವ ಗ್ಯಾರೇಜಿನ ತಾರಸಿ: ತೇಪೆ ಎಲ್ಲಿಯವರೆಗೆ, ಹೊಸದು ಯಾವಾಗ?

ಮಲಗುವ ಕೋಣೆ ಸೋರಿದರೆ ಮನೆಮಂದಿಯೆಲ್ಲ ಕೂಡಲೆ ಎಚ್ಚರಗೊಳ್ಳುತ್ತಾರೆ. ಆದರೆ ವಾಹನ ನಿಲ್ಲಿಸುವ ಗ್ಯಾರೇಜು ಸೋರಿದಾಗ ಕೆಳಗೊಂದು ಬಕೆಟ್ ಇರಿಸಿ ಸುಮ್ಮನಾಗುವವರೇ ಹೆಚ್ಚು. ಎಷ್ಟೋ ಕಡೆ ಗ್ಯಾರೇಜು ಮನೆ ಕಟ್ಟಿದ ಅನಂತರ ಸೇರಿಸಿದ ಭಾಗವಾಗಿರುತ್ತದೆ. ಅದರ ತಾರಸಿ ತೆಳುವಾಗಿದ್ದು, ನೀರು ಹರಿಯಲು ಬೇಕಾದ ಇಳಿಜಾರೂ ಸಾಲದಾಗಿರುತ್ತದೆ. ಆದರೂ ಅದರ ಅಡಿಯಲ್ಲಿ ಮಕ್ಕಳು ಆಡುತ್ತಾರೆ, ಕಾವಲುಗಾರ ವಿಶ್ರಮಿಸುತ್ತಾನೆ. ಒಂದು ಚದರ ಅಡಿ ಅಗಲ, 2 ಸೆಂ.ಮೀ. ದಪ್ಪದ ಕಾಂಕ್ರೀಟ್ ಚಕ್ಕೆಯ ತೂಕ ನಾಲ್ಕು ಕೆ.ಜಿ.ಗೂ ಮಿಕ್ಕಿರುತ್ತದೆ. ಅದು ತಲೆಯ ಮೇಲೆ ಬಿದ್ದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಗ್ಯಾರೇಜಿನ ಸೋರಿಕೆಯನ್ನು ಕೇವಲ ಅನಾನುಕೂಲವೆಂದು ಭಾವಿಸದೆ, ಸುರಕ್ಷತೆಯ ಪ್ರಶ್ನೆಯೆಂದು ಪರಿಗಣಿಸುವುದು ಅಗತ್ಯ.

ನೀರು ಮಾಡುವ ಹಾನಿ

ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳು ತುಕ್ಕು ಹಿಡಿಯದಿರಲು ಸಿಮೆಂಟಿನ ಕ್ಷಾರಗುಣವೇ ಕಾರಣ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷಗಳು ಕಳೆದಂತೆ ಕಾಂಕ್ರೀಟಿನೊಳಕ್ಕೆ ಇಳಿದು ಈ ಕ್ಷಾರಗುಣವನ್ನು ಕುಂದಿಸುತ್ತದೆ. ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳಲ್ಲಿ ಗಾಳಿಯ ಉಪ್ಪಿನಂಶವೂ ಸರಳುಗಳ ರಕ್ಷಣೆಯನ್ನು ಮುರಿಯುತ್ತದೆ. ಆಗ ಬಿರುಕಿನ ಮೂಲಕ ಇಳಿದ ನೀರು ಸರಳನ್ನು ಮುಟ್ಟಿದೊಡನೆ ತುಕ್ಕು ಆರಂಭವಾಗುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಈ ಒತ್ತಡವನ್ನು ತಾಳಲಾರದೆ ಸರಳಿನ ಕೆಳಗಿನ ಕಾಂಕ್ರೀಟು ಸೀಳಿ ಕಳಚಿ ಬೀಳುತ್ತದೆ. ಸರಳು ಬಯಲಿಗೆ ಬಂದ ಮೇಲೆ ಕ್ಷಯದ ವೇಗ ಇನ್ನೂ ಹೆಚ್ಚುತ್ತದೆ.

ಪದರದ ಮೇಲೆ ಪದರ

ಸೋರಿಕೆ ಕಂಡೊಡನೆ ತಾರಸಿಯ ಮೇಲೆ ಇನ್ನೊಂದು ಪದರ ಗಾರೆ ಅಥವಾ ಇಟ್ಟಿಗೆ ಚೂರಿನ ಕಾಂಕ್ರೀಟು ಹಾಕಿಸುವುದು ರೂಢಿಯಲ್ಲಿದೆ. ಈ ರೂಢಿ ಎಷ್ಟು ಅಪಾಯಕರವೆಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. 3 ಮೀಟರ್ ಅಗಲ, 6 ಮೀಟರ್ ಉದ್ದದ ಗ್ಯಾರೇಜಿನ ತಾರಸಿಯ ವಿಸ್ತೀರ್ಣ 18 ಚದರ ಮೀಟರ್. ಅದರ ಮೇಲೆ 10 ಸೆಂ.ಮೀ. ದಪ್ಪದ ಇಟ್ಟಿಗೆ ಚೂರಿನ ಪದರ ಹಾಕಿದರೆ ಪ್ರತಿ ಚದರ ಮೀಟರಿಗೆ ಸುಮಾರು 190 ಕೆ.ಜಿ.ಯಂತೆ ಒಟ್ಟು ಮೂರೂವರೆ ಟನ್ನಿನಷ್ಟು ಹೊಸ ಭಾರ ಬೀಳುತ್ತದೆ. ಜನರು ಹತ್ತಿ ಓಡಾಡುವ ವ್ಯವಸ್ಥೆಯಿಲ್ಲದ ಮಟ್ಟಸ ತಾರಸಿಗೆ ಐ.ಎಸ್. 875 ಸಂಹಿತೆಯ 1987ರ ಎರಡನೆಯ ಭಾಗವು ಹೇಳುವ ಹೇರಿಕೆಯ ಭಾರವು ಚದರ ಮೀಟರಿಗೆ ಸುಮಾರು 75 ಕೆ.ಜಿ. ಮಾತ್ರ. ಹೀಗಾಗಿ ಲೆಕ್ಕದಲ್ಲಿಲ್ಲದ ಒಂದೇ ಒಂದು ಪದರವು ಅದರ ಎರಡೂವರೆ ಪಟ್ಟು ಭಾರವನ್ನು, ಅದೂ ಶಾಶ್ವತವಾಗಿ, ಹೊರಿಸುತ್ತದೆ. ಸರಳುಗಳು ಸವೆದು ತಾರಸಿಯ ಬಲ ಕುಂದಿರುವಾಗಲೇ ಭಾರವನ್ನು ಹೆಚ್ಚಿಸುವುದು ಆತ್ಮಘಾತಕ ಕ್ರಮವಾಗಿದೆ.

ಪರೀಕ್ಷೆ

ಮೊದಲು ಸೋರಿಕೆಯ ಮೂಲವನ್ನು ಗುರುತಿಸಬೇಕು. ಮಳೆಯಿಲ್ಲದ ದಿನಗಳಲ್ಲಿಯೂ ತೇವವಿದ್ದರೆ ನೀರಿನ ಕೊಳವೆಯನ್ನೋ ತೊಟ್ಟಿಯನ್ನೋ ಶಂಕಿಸಬೇಕು. ಮಳೆಯಲ್ಲಿ ಮಾತ್ರ ಸೋರುವುದಾದರೆ ನೀರು ಹೊರಹೋಗುವ ಕೊಳವೆಯ ಬಾಯಿ, ಪ್ಯಾರಪೆಟ್ ಗೋಡೆಯ ಬುಡ, ಮನೆಯ ಗೋಡೆಗೆ ತಾರಸಿ ಕೂಡುವ ಸಂದು ಇವುಗಳನ್ನು ನೋಡಬೇಕು. ಅನೇಕ ಸಂದರ್ಭಗಳಲ್ಲಿ ದೋಷವಿರುವುದು ಈ ಸ್ಥಳಗಳಲ್ಲಿಯೇ.

ಬಳಿಕ ಕೆಳಭಾಗವನ್ನು ಪರೀಕ್ಷಿಸಬೇಕು. ಸರಳುಗಳ ನೇರಕ್ಕೆ ಕಂದು ಬಣ್ಣದ ಗೆರೆಗಳಿವೆಯೇ? ಉದ್ದನೆಯ ಕೋಲಿಗೆ ಕಟ್ಟಿದ ಸಣ್ಣ ಸುತ್ತಿಗೆಯಿಂದ, ಪಕ್ಕಕ್ಕೆ ನಿಂತು ಮೆಲ್ಲನೆ ತಟ್ಟಿದಾಗ ಟೊಳ್ಳು ಸದ್ದು ಬರುತ್ತದೆಯೇ? ತಾರಸಿ ನಡುವೆ ಜೋತಿದೆಯೇ? ಸರಳು ಪದರು ಪದರಾಗಿ ಉದುರುತ್ತಿದೆಯೇ?

ಬಿರುಕು ಒಂದೆರಡು ಕಡೆಗೆ ಸೀಮಿತವಾಗಿದ್ದು ಸರಳುಗಳು ಗಟ್ಟಿಯಾಗಿದ್ದರೆ ದುರಸ್ತಿ ಸಾಕು. ಸಡಿಲವಾದ ಕಾಂಕ್ರೀಟನ್ನು ತೆಗೆದು, ಸರಳಿನ ತುಕ್ಕನ್ನು ಪೂರ್ಣವಾಗಿ ಉಜ್ಜಿ, ತುಕ್ಕುನಿರೋಧಕ ಲೇಪವನ್ನು ಹಚ್ಚಿ, ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬಿ, ಮೇಲ್ಮೈಗೆ ಜಲನಿರೋಧಕ ಪದರವನ್ನು ಕೊಡಿಸಬಹುದು. ಟೊಳ್ಳು ಸದ್ದು ಎಲ್ಲೆಡೆ ಬರುತ್ತಿದ್ದರೆ, ತಾರಸಿ ಜೋತಿದ್ದರೆ, ಸರಳುಗಳು ಕಣ್ಣಿಗೆ ಕಾಣುವಷ್ಟು ಸಣ್ಣವಾಗಿದ್ದರೆ ತೇಪೆಯ ಹಣ ವ್ಯರ್ಥ. ಅಂತಹ ತಾರಸಿಯನ್ನು ಕೆಡವಿ ಹೊಸದಾಗಿ ಹಾಕಿಸುವುದೇ ಮೇಲು. ಈ ನಿರ್ಣಯವನ್ನು ಮೇಸ್ತ್ರಿಯ ಮಾತಿಗೆ ಬಿಡದೆ ಅರ್ಹ ಕಟ್ಟಡ ಇಂಜಿನಿಯರಿಂದ ಪಡೆಯತಕ್ಕದ್ದು. ದುರ್ಬಲವೆಂದು ತೋರುವ ತಾರಸಿಯ ಮೇಲೆ ಪರೀಕ್ಷೆಗಾಗಿ ನೀರು ನಿಲ್ಲಿಸಕೂಡದು.

ಕೆಡವುವ ಮುನ್ನ

ಸಹಕಾರಿ ವಸತಿ ಸಂಘಗಳಲ್ಲಿ ಗ್ಯಾರೇಜಿನ ಮೇಲಿನ ತಾರಸಿ ಸಾಮಾನ್ಯವಾಗಿ ಒಬ್ಬರ ಸ್ವತ್ತಾಗಿರದೆ ಕಟ್ಟಡದ ಅಂಗವಾಗಿರುತ್ತದೆ. ಅಲ್ಲಿ ಸದಸ್ಯರು ಸಂಘಕ್ಕೆ ಲಿಖಿತ ದೂರನ್ನು ಕೊಡಬೇಕೇ ಹೊರತು ತಾವಾಗಿ ಒಡೆಯಬಾರದು. ಮುಂಬಯಿ ಮಹಾನಗರಪಾಲಿಕೆ ಕಾಯಿದೆಯ 353-ಬಿ ಕಲಮು 30 ವರ್ಷ ಮೀರಿದ ಕಟ್ಟಡಗಳ ರಚನಾ ಪರಿಶೀಲನೆಯನ್ನು ವಿಧಿಸುತ್ತದೆ. ಸ್ವಂತ ಗ್ಯಾರೇಜಿಗೂ ಅನುಮತಿಯ ನಿಯಮಗಳು ಊರಿಂದೂರಿಗೆ ಬೇರೆಯಾಗಿರುವುದರಿಂದ ಸ್ಥಳೀಯ ಸಂಸ್ಥೆಯ ವಾರ್ಡ್ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು.

ಕಾಲದ ಆಯ್ಕೆಯೂ ಮುಖ್ಯ. ವಾಡಿಕೆಯಂತೆ ನೈಋತ್ಯ ಮಾನ್ಸೂನ್ ಮುಂಬಯಿಗೆ ಜೂನ್ 11ರ ಹೊತ್ತಿಗೆ, ದೆಹಲಿಗೆ ಜೂನ್ 27ರ ಹೊತ್ತಿಗೆ ಬರುತ್ತದೆ. ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳಲ್ಲಿ ಮೇ ತಿಂಗಳೊಳಗೆ ಕೆಲಸ ಮುಗಿಯಬೇಕು. ಚೆನ್ನೈನಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹೆಚ್ಚು ಮಳೆ ಬೀಳುವುದರಿಂದ ಸೆಪ್ಟೆಂಬರಿಗೆ ಮುನ್ನ ಮುಗಿಸುವುದು ಒಳಿತು.

ಕೆಡವುವಾಗ ವಿದ್ಯುತ್ ಸಂಪರ್ಕವನ್ನು ಕಡಿದು, ತಾರಸಿಯ ಅಡಿಯಲ್ಲಿ ಆಸರೆ ಕಂಬಗಳನ್ನು ನಿಲ್ಲಿಸಬೇಕು. 10 ಸೆಂ.ಮೀ. ದಪ್ಪದ ಒಂದು ಚದರ ಮೀಟರ್ ತಾರಸಿಯ ತೂಕ ಸುಮಾರು 250 ಕೆ.ಜಿ. ಇರುವುದರಿಂದ ಸಣ್ಣ ಸಣ್ಣ ಭಾಗಗಳಾಗಿ ಒಡೆಯಬೇಕು. ಅಡಿಯಲ್ಲಿ ಯಾರೂ ನಿಲ್ಲಬಾರದು. ತಾರಸಿಯ ಸರಳುಗಳು ಮನೆಯ ತೊಲೆಯೊಳಕ್ಕೆ ಸೇರಿದ್ದರೆ ಇಂಜಿನಿಯರಿನ ಸೂಚನೆಯಿಲ್ಲದೆ ಅವನ್ನು ಕತ್ತರಿಸಕೂಡದು. ಒಡೆದ ಅವಶೇಷಗಳನ್ನು ರಸ್ತೆಗಾಗಲಿ ಚರಂಡಿಗಾಗಲಿ ಸುರಿಯದೆ ಪುರಸಭೆಯು ಗೊತ್ತುಪಡಿಸಿದ ಸ್ಥಳಕ್ಕೆ ಸಾಗಿಸಬೇಕು.

ಹೊಸ ತಾರಸಿ

ತಾರಸಿಯ ದಪ್ಪ, ಸರಳಿನ ಗಾತ್ರ ಹಾಗೂ ಅಂತರಗಳನ್ನು ಇಂಜಿನಿಯರು ಲೆಕ್ಕ ಹಾಕಿ ನಕ್ಷೆಯಲ್ಲಿ ಕೊಡುತ್ತಾರೆ. ಒಡೆಯರು ತಾವೇ ನಿಂತು ನೋಡಿಕೊಳ್ಳಬಹುದಾದ ಅಂಶಗಳು ಇವು:

ಒಂದು, ಸರಳಿನ ಹೊದಿಕೆ. 2000ನೆಯ ಇಸವಿಯ ಐ.ಎಸ್. 456 ಸಂಹಿತೆಯ ಪ್ರಕಾರ ಸಾಧಾರಣ ಪರಿಸರದಲ್ಲಿ ಸರಳಿನ ಕೆಳಗೆ 20 ಮಿ.ಮೀ. ಕಾಂಕ್ರೀಟಿರಬೇಕು. ಕಡಲ ಗಾಳಿಗೆ ನೇರವಾಗಿ ತೆರೆದುಕೊಂಡಲ್ಲಿ ಇದು 45 ಮಿ.ಮೀ.ವರೆಗೆ ಏರುತ್ತದೆ. ಸರಳುಗಳಡಿ ಜಲ್ಲಿಕಲ್ಲಿನ ತುಂಡುಗಳನ್ನು ತುರುಕದೆ, ಸರಿಯಾದ ಅಳತೆಯ ಸಿಮೆಂಟ್ ಬ್ಲಾಕುಗಳನ್ನು ಇಡಿಸಬೇಕು.

ಎರಡು, ನೀರಿನ ಪ್ರಮಾಣ. ಕಲಸಲು ಸುಲಭವೆಂದು ಹೆಚ್ಚು ನೀರು ಸುರಿದರೆ ಕಾಂಕ್ರೀಟು ರಂಧ್ರಮಯವಾಗಿ ಮತ್ತೆ ಸೋರುತ್ತದೆ. ಸರಾಸರಿ ಪರಿಸರದಲ್ಲಿ 50 ಕೆ.ಜಿ.ಯ ಒಂದು ಚೀಲ ಸಿಮೆಂಟಿಗೆ, ಮರಳಿನಲ್ಲಿರುವ ತೇವವೂ ಸೇರಿ, 25 ಲೀಟರ್ ನೀರು ಮೀರಬಾರದು. ಕಡಲತೀರದಲ್ಲಿ ಇನ್ನೂ ಕಡಿಮೆ ಇರಬೇಕು.

ಮೂರು, ಕಾಂಕ್ರೀಟು ಹಾಕುವ ಕ್ರಮ. ಗ್ಯಾರೇಜಿನಷ್ಟು ವಿಸ್ತೀರ್ಣವನ್ನು ಒಂದೇ ದಿನ ಎಡೆಬಿಡದೆ ಮುಗಿಸಬೇಕು, ವೈಬ್ರೇಟರ್ ಬಳಸಿ ದಟ್ಟವಾಗಿಸಬೇಕು. ನೀರು ಹೊರಹೋಗುವ ಕೊಳವೆಗಳನ್ನು ಮೊದಲೇ ಇರಿಸಬೇಕು. ಕೊಳವೆಗಳು ಎರಡಿದ್ದರೆ ಒಂದು ಕಟ್ಟಿಕೊಂಡರೂ ಇನ್ನೊಂದು ನೆರವಾಗುತ್ತದೆ.

ನಾಲ್ಕು, ನೀರುಣಿಸುವಿಕೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಮಿಶ್ರ ಸಿಮೆಂಟಿಗೆ ಒಣ ಹಾಗೂ ಬಿಸಿ ಹವೆಯಲ್ಲಿ 14 ದಿನ ನೀರುಣಿಸಬೇಕು. ಸಣ್ಣ ಕಟ್ಟೆಗಳನ್ನು ಕಟ್ಟಿ ನೀರು ನಿಲ್ಲಿಸುವುದು ಉತ್ತಮ ಪದ್ಧತಿ. ಗೋಡೆಗಳ ನಡುವಣ ಅಂತರ ನಾಲ್ಕೂವರೆ ಮೀಟರಿಗಿಂತ ಕಡಿಮೆಯಿದ್ದರೂ, ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನಲ್ಲಿ ಕನಿಷ್ಠ 7 ದಿನ ಸೆಂಟ್ರಿಂಗ್ ಕಂಬಗಳನ್ನು ತೆಗೆಯಬಾರದು. ಮಿಶ್ರ ಸಿಮೆಂಟಿಗೆ ಹೆಚ್ಚು ದಿನ ಬೇಕಾಗಬಹುದು.

ಮಳೆಯಿಂದ ರಕ್ಷಣೆ

ಮಟ್ಟಸ ತಾರಸಿ ಎಂಬ ಹೆಸರಿದ್ದರೂ ಅದು ಪೂರ್ಣ ಮಟ್ಟಸವಾಗಿರಬಾರದು. 100 ಸೆಂ.ಮೀ.ಗೆ ಕನಿಷ್ಠ 1 ಸೆಂ.ಮೀ.ಯಂತೆ ಕೊಳವೆಯ ಕಡೆಗೆ ಇಳಿಜಾರು ಇರಬೇಕು. ನಮ್ಮ ದೇಶದ ಬೇರೆ ಬೇರೆ ಪ್ರಾಂತ್ಯಗಳು ತಮ್ಮ ಹವೆಗೆ ಹೊಂದುವ ಪದ್ಧತಿಗಳನ್ನು ರೂಢಿಸಿಕೊಂಡಿವೆ. ಮುಂಬಯಿ, ಪುಣೆಗಳಲ್ಲಿ ಇಟ್ಟಿಗೆ ಚೂರುಗಳನ್ನು ಸಿಮೆಂಟ್ ಗಾರೆಯಲ್ಲಿ ಕೂಡಿಸುವ ‘ಬ್ರಿಕ್‌ಬ್ಯಾಟ್ ಕೋಬಾ’ ಪ್ರಚಲಿತವಾಗಿದೆ. ಚೆನ್ನೈನಲ್ಲಿ ಇಟ್ಟಿಗೆ ಜಲ್ಲಿಯನ್ನು ಸುಣ್ಣದೊಡನೆ ಬೆರೆಸಿ, ಮರದ ಹಲಗೆಗಳಿಂದ ಬಡಿದು, ಮೇಲೆ ಹೆಂಚು ಹಾಸುವ ಕ್ರಮವಿದೆ. ಹಳೆಯ ಮದರಾಸು ತಾರಸಿಗಳಲ್ಲಿ ಈ ಸುಣ್ಣಕ್ಕೆ ಬೆಲ್ಲ ಮತ್ತು ಅಳಲೆಕಾಯಿಯ ನೀರನ್ನೂ ಬೆರೆಸುತ್ತಿದ್ದರು. ದೆಹಲಿಯ ಕಡೆ ಅದುಮಿದ ಮಣ್ಣಿನ ಮೇಲೆ ಇಟ್ಟಿಗೆ ಬಿಲ್ಲೆಗಳನ್ನು ಹಾಸುವ ‘ಮಡ್ ಫಸ್ಕಾ’ ಬಿಸಿಲಿನ ತಾಪವನ್ನೂ ತಡೆಯುತ್ತದೆ. ಇವೆಲ್ಲವೂ ಭಾರವಾದ ಪದರಗಳು. ಇವುಗಳ ತೂಕವನ್ನು ಇಂಜಿನಿಯರು ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು. ಭಾರ ಬೇಡವೆನಿಸಿದಲ್ಲಿ ಬಿಟುಮೆನ್ ಹಾಳೆ ಅಥವಾ ಪಾಲಿಮರ್ ಲೇಪವನ್ನು ಆರಿಸಿಕೊಳ್ಳಬಹುದು. ಯಾವ ಪದ್ಧತಿಯಾದರೂ ಗೋಡೆಯ ಬುಡದ ಮೂಲೆಗಳನ್ನು ಗಾರೆಯಿಂದ ದುಂಡಾಗಿಸಿ, ಜಲನಿರೋಧಕ ಪದರವನ್ನು ಗೋಡೆಯ ಮೇಲೂ ಒಂದು ಗೇಣಿನಷ್ಟು ಏರಿಸಬೇಕು. ಕೆಲಸ ಮುಗಿದ ಮೇಲೆ ಎರಡೂವರೆ ಸೆಂ.ಮೀ. ಆಳದ ನೀರನ್ನು ಎರಡು ದಿನ ನಿಲ್ಲಿಸಿ, ಕೆಳಗೆ ತೇವ ಕಾಣದಿದ್ದರೆ ಮಾತ್ರ ಗುತ್ತಿಗೆದಾರನಿಗೆ ಕೊನೆಯ ಕಂತನ್ನು ಕೊಡುವುದು ವಿವೇಕ.

ಮುಂದಿನ ಪಾಲನೆ

ಪ್ರತಿ ಮಳೆಗಾಲಕ್ಕೆ ಮುನ್ನ ಎಲೆ, ಕಸ, ಮಣ್ಣನ್ನು ಗುಡಿಸಿ ಕೊಳವೆಯ ಬಾಯನ್ನು ತೆರವುಗೊಳಿಸಬೇಕು. ಆಲ, ಅರಳಿಯ ಸಸಿಗಳು ಮೊಳೆತಿದ್ದರೆ ಬೇರುಸಹಿತ ಕೀಳಬೇಕು. ಹಳೆಯ ಇಟ್ಟಿಗೆ, ಕಬ್ಬಿಣಗಳನ್ನು ತಾರಸಿಯ ಮೇಲೆ ಪೇರಿಸಬಾರದು. ಕೊಳವೆ ಕಟ್ಟಿಕೊಂಡು 5 ಸೆಂ.ಮೀ. ನೀರು ನಿಂತರೆ ಮೇಲೆ ಹೇಳಿದ ಗ್ಯಾರೇಜಿನ ಮೇಲೆ 900 ಕೆ.ಜಿ. ಭಾರ ಕುಳಿತಂತೆ. ಅರ್ಧ ಗಂಟೆಯ ಈ ಶುಚಿಕಾರ್ಯದಿಂದ ಆ ಭಾರವೂ, ಅದರೊಡನೆ ಬರುವ ಸೋರಿಕೆಯೂ ತಪ್ಪುತ್ತವೆ.