ಟೀಸ್ಪೂನೋ, ಟೇಬಲ್‌ಸ್ಪೂನೋ?

ತಲೆನೋವು ಎನ್ನುವಾಗ ದನಿಯನ್ನು ಎಲ್ಲಿ ಒತ್ತಿದರೂ ಅದು ತಲೆನೋವೇ. ಇಂಗ್ಲಿಷ್ ಹಾಗಲ್ಲ ಎಂಬುದನ್ನು ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ನಿಂತ ನಾವು ದಿನವೂ ಕಾಣುತ್ತೇವೆ.

ಟೀಸ್ಪೂನ್ ಎಂದರೆ 5 ಮಿ.ಲೀ., ಟೇಬಲ್‌ಸ್ಪೂನ್ ಎಂದರೆ 15. ಮಗುವಿನ ಸಿರಪ್ ಮೂರು ಪಟ್ಟಾದರೆ ಗತಿಯೇನು? ಇಂಥ ಜೋಡುಪದಗಳನ್ನು ಮೊದಲು ಬೆಸುಗೆ ಇರುವಲ್ಲಿ ಬಿಡಿಸಬೇಕು, ಆಮೇಲೆ ಉಚ್ಚಾರಾಂಶ ಎಣಿಸಬೇಕು: ಟೀ-ಸ್ಪೂನ್ ಎರಡು, ಟೇ-ಬಲ್-ಸ್ಪೂನ್ ಮೂರು. ದನಿಯ ಒತ್ತು ಎರಡರಲ್ಲೂ ಮೊದಲನೆಯದಕ್ಕೇ. ನಾವೋ, ಚಮಚವೇ ಮುಖ್ಯವೆಂದು 'ಸ್ಪೂನ್' ಅನ್ನೇ ಜೋರಾಗಿ ಹೇಳಿ, ಯಾವ ಚಮಚ ಎಂಬುದನ್ನು ನುಂಗಿಬಿಡುತ್ತೇವೆ.

ಐ ಡ್ರಾಪ್ಸ್, ಇಯರ್ ಡ್ರಾಪ್ಸ್ ಬಿಡಿಸಿ ಬರೆದರೂ ಜೋಡುಪದಗಳೇ. ಒತ್ತು ಐ, ಇಯರ್ ಮೇಲೆ. 'ಡ್ರಾಪ್ಸ್' ಮಾತ್ರ ಕೇಳಿಸಿದರೆ ಕಿವಿಯ ಮದ್ದು ಕಣ್ಣಿಗೆ ಬಿದ್ದೀತು. ಪೇನ್‌ಕಿಲರ್, ಓವರ್‌ಡೋಸ್ ಕೂಡ ಹೀಗೆಯೇ. ಹಾಗೆಂದು ಎಲ್ಲವೂ ಅಲ್ಲ: ಆಪಲ್ ಜ್ಯೂಸ್‌ನಲ್ಲಿ ಒತ್ತು ಆಪಲ್ ಮೇಲೆ, ಆಪಲ್ ಪೈನಲ್ಲಿ ಪೈ ಮೇಲೆ. ಯಾಕೆಂದು ಇಂಗ್ಲಿಷರನ್ನೇ ಕೇಳಬೇಕು!

ಫೋನಿನಲ್ಲಿ ಡೋಸ್ ಹೇಳುವಾಗ ನಾವಂತೂ ಚಮಚದ ಹೆಸರಿಗೇ ನಿಲ್ಲುವುದಿಲ್ಲ. ಎಷ್ಟು ಮಿ.ಲೀ. ಎಂದು ಹೇಳಿ, ಅದನ್ನೇ ಅವರ ಬಾಯಲ್ಲಿ ಇನ್ನೊಮ್ಮೆ ಹೇಳಿಸುತ್ತೇವೆ.